ಆಮೇಲೆ ನೋಡೋಣ

ಮೊನ್ನೆ ಮೇಲ್‌ನ ಕೊನೆಗೆ ಬರುವ ಸಹಿಯನ್ನು ಬದಲಾಯಿಸಬೇಕಿತ್ತು. ಸೆಟ್ಟಿಂಗ್ಸ್ ಒಳಗೆ ಹೋದವನು ದಾರಿ ತಪ್ಪಿ ಫಿಲ್ಟರ್‌ಗಳ ಪುಟಕ್ಕೆ ಬಂದುಬಿಟ್ಟೆ. ಎಣಿಸಿದೆ. ನಲವತ್ತೊಂದು! ಇಷ್ಟು ಜನ ಕಾವಲುಗಾರರನ್ನು ನಾನೇ ನೇಮಿಸಿಕೊಂಡು, ಅವರ ಮುಖವನ್ನೇ ಮರೆತು ಇಷ್ಟು ವರ್ಷ ಹಾಯಾಗಿದ್ದೆ. ಸಹಿಯ ಕೆಲಸ ಅಲ್ಲಿಗೇ ನಿಂತಿತು.

ಫಿಲ್ಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ‘ರೆ’, ಒಂದು ಅಪ್ಪಣೆ, ಅಷ್ಟೇ. ಇಂಥವರಿಂದ ಬಂದರೆ, ಸಬ್ಜೆಕ್ಟ್‌ನಲ್ಲಿ ಇಂಥ ಪದವಿದ್ದರೆ, ಅಟ್ಯಾಚ್‌ಮೆಂಟ್ ಇದ್ದರೆ ಅಂತ ಮೊದಲು ಹೇಳಬೇಕು. ಆಮೇಲೆ ಲೇಬಲ್ ಅಂಟಿಸು, ಇನ್‌ಬಾಕ್ಸ್‌ಗೆ ತರಬೇಡ, ಓದಿದ್ದಾಯಿತು ಅಂತ ಗುರುತು ಹಾಕು, ಅಳಿಸು ಅಂತ ಹೇಳಬೇಕು. ಯಂತ್ರ ಚಾಚೂ ತಪ್ಪದೆ ಮಾಡುತ್ತದೆ. ಯಾಕೆ ಅಂತ ಕೇಳುವುದಿಲ್ಲ. ಎಷ್ಟು ದಿನ ಮಾಡಲಿ ಅಂತಲೂ ಕೇಳುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಒಂದು ದಿನದ ಸಿಟ್ಟಿಗೆ ಬರೆದ ನಿಯಮ ಹತ್ತು ವರ್ಷ ನಡೆಯುತ್ತಲೇ ಇರುತ್ತದೆ.

ಪಟ್ಟಿಯ ತಲೆಯಲ್ಲಿದ್ದದ್ದು ಹೊಸ ಭಾಷೆ ಕಲಿಸುವ ಒಂದು ಆ್ಯಪ್. ಅದು ದಿನಾ ಮೇಲ್ ಹಾಕುತ್ತಿತ್ತು. ನೀವು ಬರದೆ ಐದು ದಿನವಾಯಿತು, ಆರು ದಿನವಾಯಿತು ಅಂತ. ಹನ್ನೊಂದನೇ ದಿನಕ್ಕೆ ನಾನು ಕಲಿಯುವುದನ್ನಲ್ಲ, ಅದರ ಮುಖ ನೋಡುವುದನ್ನು ಬಿಟ್ಟೆ. ಮುಂದಿನದು ಹಳೆಯ ಮನೆಯ ಬಾಡಿಗೆ ರಸೀದಿಗೆ. ಇನ್ನೊಂದು, ಹಾಡು ಕಲಿಯಬೇಕೆಂದು ಸೇರಿ ಎರಡೇ ಪಾಠಕ್ಕೆ ಕೈಬಿಟ್ಟ ಕೋರ್ಸಿಗೆ. ಆ ಲೇಬಲ್‌ಗೆ ಹಸಿರು ಬಣ್ಣ ಕೊಟ್ಟಿದ್ದೆ. ಪಾಠಕ್ಕಿಂತ ಬಣ್ಣ ಆರಿಸಲು ಜಾಸ್ತಿ ಹೊತ್ತು ತಗೊಂಡಿದ್ದೆ ಅಂತ ಈಗ ನೆನಪಾಗುತ್ತಿದೆ.

ಹದಿನಾಲ್ಕನೆಯದನ್ನು ನೋಡಿ ಮಾತ್ರ ಸ್ವಲ್ಪ ನಾಚಿಕೆಯಾಯಿತು. ಅದು ಒಬ್ಬ ಹಳೆಯ ಸಹೋದ್ಯೋಗಿಯ ಹೆಸರಿನಲ್ಲಿತ್ತು. ಅವರಿಗೆ ಏನು ಬರೆದರೂ ಎಲ್ಲರಿಗೂ ಸಿಸಿ ಹಾಕುವ ಅಭ್ಯಾಸ. ಪ್ರಿಂಟರ್‌ನಲ್ಲಿ ಹಾಳೆ ಮುಗಿದರೂ ಅರುವತ್ತು ಜನಕ್ಕೆ ಗೊತ್ತಾಗಬೇಕು. ಒಂದು ದಿನ ರೇಗಿ, ಇವರ ಮೇಲ್ ನನಗೆ ಬರೀ ಸಿಸಿ ಆಗಿ ಬಂದರೆ ಇನ್‌ಬಾಕ್ಸ್‌ಗೆ ತರಬೇಡ ಅಂತ ಬರೆದಿಟ್ಟೆ. ಅವರು ಬರೆಯುತ್ತಲೇ ಇದ್ದರು, ನಾನು ಓದದೆ ಇದ್ದೆ. ನಮ್ಮಿಬ್ಬರ ಸಂಬಂಧ ಅಷ್ಟು ಚೆನ್ನಾಗಿದ್ದದ್ದು ಆ ಕಾಲದಲ್ಲೇ. ಅವರು ಆ ಕೆಲಸ ಬಿಟ್ಟು ಆರು ವರ್ಷವಾಯಿತು. ನನ್ನ ಕಾವಲುಗಾರ ಮಾತ್ರ ಇನ್ನೂ ಬಾಗಿಲಲ್ಲಿ ನಿಂತು ಅವರ ದಾರಿ ಕಾಯುತ್ತಿದ್ದಾನೆ.

ಇದನ್ನು ಓದುತ್ತಾ ಒಂದು ಅನುಮಾನವೂ ಹುಟ್ಟಿತು. ನಾನು ಯಾರ ಹದಿನಾಲ್ಕನೇ ನಂಬರಿನಲ್ಲಿದ್ದೇನೆ? ನನ್ನ ಉದ್ದುದ್ದ ಮೇಲ್‌ಗಳಿಗೆ ಮೂರು ವಾರ ಬಿಟ್ಟು ‘ಈಗ ನೋಡಿದೆ’ ಅಂತ ಉತ್ತರ ಬರೆಯುವವರು ಇದ್ದಾರೆ. ಪಾಪ, ಕೆಲಸ ಜಾಸ್ತಿ ಅಂದುಕೊಂಡಿದ್ದೆ.

ಬೇಡದ ಮೇಲ್‌ಗೆ ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಮುಗಿಯಿತಲ್ಲ, ಫಿಲ್ಟರ್ ಯಾಕೆ ಅಂತ ನೀವು ಕೇಳಬಹುದು. ನ್ಯಾಯವೇ. ಆದರೆ ಅನ್‌ಸಬ್‌ಸ್ಕ್ರೈಬ್ ಅಂದರೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದು. ಅಲ್ಲಿಗೂ ಅವರು ಬಿಡುವುದಿಲ್ಲ, ಯಾಕೆ ಬಿಟ್ಟು ಹೋಗುತ್ತಿದ್ದೀರಿ ಅಂತ ಐದು ಕಾರಣ ಕೊಟ್ಟು ಒಂದನ್ನು ಆರಿಸಿ ಅನ್ನುತ್ತಾರೆ. ಫಿಲ್ಟರ್ ಹಾಗಲ್ಲ. ಬಾಗಿಲು ಹಾಕದೆಯೇ ‘ಮನೇಲಿಲ್ಲ’ ಅನ್ನಿಸುವ ಉಪಾಯ ಅದು. ಅಲ್ಲದೆ, ನಾಳೆ ಬೇಕಾದರೆ? ಈ ‘ಬೇಕಾದರೆ’ಯಿಂದಲೇ ನನ್ನ ಅತಿ ದೊಡ್ಡ ಲೇಬಲ್ ಹುಟ್ಟಿದ್ದು. ಅದರ ಹೆಸರು ‘ಆಮೇಲೆ ನೋಡೋಣ’. ನ್ಯೂಸ್‌ಲೆಟರ್, ಜಾಹೀರಾತು, ಉಚಿತ ಉಪನ್ಯಾಸದ ಕರೆ ಎಲ್ಲ ಅಲ್ಲಿಗೇ ಹೋಗುತ್ತವೆ. ಎಂಟು ಸಾವಿರ ದಾಟಿದೆ. ಇವತ್ತಿನವರೆಗೆ ನೋಡಿಲ್ಲ.

ಹೀಗೆ ಬೇಡದ್ದನ್ನು ತಡೆಯುವ ಚಿಂತೆ ನನ್ನೊಬ್ಬನದಲ್ಲ. ತಮಾಷೆ ಅಂದರೆ, ಈ ಚಿಂತೆ ಕಸಕ್ಕಿಂತ ಹಳೆಯದು. ಅಮೆರಿಕದ ಪ್ರೋಗ್ರಾಮರ್ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇಮೇಲ್ ಕಳಿಸಿದ್ದು 1971ರಲ್ಲಿ. ಅದರಲ್ಲಿ ಏನಿತ್ತು ಅನ್ನುವುದು ಆಮೇಲೆ ಅವರಿಗೇ ನೆನಪಿರಲಿಲ್ಲ. ನಾಲ್ಕು ವರ್ಷ ಕಳೆದು, 1975ರ ನವೆಂಬರಿನಲ್ಲಿ, ಅದೇ ಜಾಲದ ಕೆಲಸದಲ್ಲಿದ್ದ ಜಾನ್ ಪೋಸ್ಟೆಲ್ ಅನ್ನುವವರು ಒಂದು ಪುಟ್ಟ ಟಿಪ್ಪಣಿ ಬರೆದರು. ಬೇಡದ ಸಂದೇಶ ಬಂದರೆ ಬೇಡ ಅನ್ನಲು ನಮ್ಮ ಜಾಲದಲ್ಲಿ ದಾರಿಯೇ ಇಲ್ಲವಲ್ಲ ಅನ್ನುವುದು ಅದರ ತಿರುಳು. ಹೆಸರುವಾಸಿಯಾದ ಮೊದಲ ಕಸದ ಮೇಲ್ ಬಂದದ್ದು ಅದಾದ ಮೇಲೆ, 1978ರ ಮೇ ತಿಂಗಳಲ್ಲಿ. ಗ್ಯಾರಿ ಥುರ್ಕ್ ಅನ್ನುವವರು ತಮ್ಮ ಕಂಪನಿಯ ಹೊಸ ಕಂಪ್ಯೂಟರ್ ನೋಡಲು ಬನ್ನಿ ಅಂತ ಸುಮಾರು 400 ಜನಕ್ಕೆ ಒಂದೇ ಏಟಿಗೆ ಬರೆದರು. ಅಂದರೆ ಕಸ ಬೀಳುವ ಮೊದಲೇ ಒಬ್ಬರು ಪೊರಕೆ ಎಲ್ಲಿ ಅಂತ ಹುಡುಕುತ್ತಿದ್ದರು.

ಪೊರಕೆ ಆಮೇಲೆ ಬಂತು, ಜರಡಿಯೂ ಬಂತು. ಸುಮ್ನೆ ಉಪಮೆಗೆ ಹೇಳುತ್ತಿಲ್ಲ. ಮೇಲ್ ಫಿಲ್ಟರ್ ಬರೆಯಲೆಂದೇ ಒಂದು ಪುಟ್ಟ ಕಂಪ್ಯೂಟರ್ ಭಾಷೆ ಇದೆ, ಅದರ ಹೆಸರು ಸೀವ್. ಸೀವ್ ಅಂದರೆ ಜರಡಿಯೇ. ಟಿಮ್ ಶೋವಾಲ್ಟರ್ ಬರೆದ ಅದರ ನಿಯಮಾವಳಿ 2001ರ ಜನವರಿಯಲ್ಲಿ ಹೊರಬಂತು. ಅದಕ್ಕೆ ಬೇಕೆಂದೇ ಕೈಕಾಲು ಕಟ್ಟಿದ್ದಾರೆ. ಸುತ್ತಿ ಸುತ್ತಿ ಅದೇ ಕೆಲಸ ಮಾಡಿಸುವ ಲೂಪ್ ಅದರಲ್ಲಿಲ್ಲ. ನಿಮ್ಮ ಫಿಲ್ಟರ್ ಓಡುವುದು ಸಾವಿರಾರು ಜನ ಹಂಚಿಕೊಂಡ ಸರ್ವರ್ ಮೇಲೆ. ನೀವು ಬರೆದ ತಪ್ಪಿಗೆ ಅದು ಗಿರಗಿರ ತಿರುಗುತ್ತಾ ಕೂತರೆ ಉಳಿದವರ ಗತಿ?

ಆದರೆ ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಬೇರೆ. ಯಾವ ನಿಯಮವೂ ಹೊಂದದಿದ್ದರೆ ಮೇಲನ್ನು ಇನ್‌ಬಾಕ್ಸ್‌ನಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ಅದರ ಮೂಲ ನಡತೆ. ನೀವು ಹೇಳದಿದ್ದರೂ ಅದು ಹಾಗೇ ಮಾಡುತ್ತದೆ. ಸ್ಕ್ರಿಪ್ಟ್, ಅಂದರೆ ನೀವು ಬರೆದಿಟ್ಟ ನಿಯಮಗಳ ಸಾಲು, ನಡುವೆ ಎಡವಿ ಬಿದ್ದರೂ ಮೇಲ್ ಕಳೆಯಬಾರದು. ಅನುಮಾನ ಬಂದರೆ ಉಳಿಸಿಕೋ. ಅದನ್ನು ಬರೆದವರಿಗೆ ಮನುಷ್ಯರು ಗೊತ್ತಿದ್ದರು. ನನ್ನ ನಲವತ್ತೊಂದರಲ್ಲಿ ಮುಕ್ಕಾಲು ಪಾಲು ಇದಕ್ಕೆ ಉಲ್ಟಾ. ಅನುಮಾನ ಬಂದರೆ ಎತ್ತಿಡು!

ಇನ್ನು ಕನ್ನಡದ ಪಾಡು. ನಮ್ಮದೊಂದು ಓದುವ ಗೆಳೆಯರ ಗುಂಪಿದೆ, ತಿಂಗಳಿಗೊಮ್ಮೆ ಸೇರುತ್ತೇವೆ. ಆ ಮೇಲ್‌ಗಳಿಗೆಲ್ಲ ನಕ್ಷತ್ರ ಬೀಳಲಿ ಅಂತ ‘ಸಭೆ’ ಅನ್ನುವ ಪದಕ್ಕೆ ಫಿಲ್ಟರ್ ಹಾಕಿದೆ. ಒಂದು ಮೇಲ್ ಸಿಕ್ಕಿತು. ಮಿಕ್ಕವು ತಪ್ಪಿಸಿಕೊಂಡವು. ನೋಡಿದರೆ, ನಾನು ಬಳಸುವ ಮೇಲ್ ಇಡೀ ಪದವನ್ನು ನೋಡುತ್ತದೆ, ತುಂಡನ್ನಲ್ಲ. ನಮ್ಮವರು ಬರೀ ‘ಸಭೆ’ ಅಂತ ಯಾವಾಗ ಬರೆದಾರು? ಸಭೆಗೆ ಬನ್ನಿ, ಸಭೆಯಲ್ಲಿ ಸಿಗೋಣ, ಸಭೆಯನ್ನು ಮುಂದೂಡಲಾಗಿದೆ, ಸಭೆಯಿಂದ ಬೇಗ ಹೊರಡಬೇಕು. ವಿಭಕ್ತಿ ಪ್ರತ್ಯಯಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಯಾವ ಉಪಯೋಗಕ್ಕೆ ಅಂತ ಆಗ ಗೊಣಗುತ್ತಿದ್ದೆ. ನಲವತ್ತು ದಾಟಿದ ಮೇಲೆ ಫಿಲ್ಟರಿನ ಡಬ್ಬಿಯೊಳಗೆ ಅನ್ನು, ಇಂದ, ಗೆ, ಅಲ್ಲಿ ಅಂತ ಸಾಲಾಗಿ ಬರೆದು ಕೂತಿದ್ದೆ. ಅಷ್ಟಾದ ಮೇಲೆ ಗುಂಪಿನ ಹಿರಿಯರೊಬ್ಬರು ‘ಮೀಟಿಂಗು’ ಅಂತ ಬರೆದರು. ಕೈ ಮುಗಿದೆ. ಆಮೇಲೆ ಪದ ಬಿಟ್ಟು ಕಳಿಸುವವರ ವಿಳಾಸ ಹಿಡಿದೆ. ಇದು ಮಾತ್ರ ಎಲ್ಲರಿಗೂ ಹೇಳುವ ಮಾತು. ಪದವನ್ನು ನಂಬಬೇಡಿ, ವಿಳಾಸವನ್ನು ನಂಬಿ.

ನಾನೇ ಈ ಬುದ್ಧಿಯನ್ನು ಮೂರು ವರ್ಷದ ಹಿಂದೆ ಕಲಿಯಬೇಕಿತ್ತು. ಆಗ ಕೆಲಸ ಬದಲಾಯಿಸುವ ಯೋಚನೆಯಲ್ಲಿದ್ದೆ. ಒಂದು ಕಡೆ ಸಂದರ್ಶನ ಚೆನ್ನಾಗಿಯೇ ಆಯಿತು. ವಾರದೊಳಗೆ ತಿಳಿಸುತ್ತೇವೆ ಅಂದರು. ವಾರ ಹೋಯಿತು. ದಿನಕ್ಕೆ ಇಪ್ಪತ್ತು ಸಲ ಇನ್‌ಬಾಕ್ಸ್ ನೋಡುತ್ತಿದ್ದೆ. ಸ್ಪ್ಯಾಮ್ ಡಬ್ಬಿಯನ್ನೂ ಕೆದಕಿದೆ. ಇಲ್ಲ. ಹೇಳಿದ ಮಾತಿಗೆ ಬೆಲೆಯೇ ಇಲ್ಲದ ಜನ ಅಂತ ಮನೆಯಲ್ಲಿ ಭಾಷಣ ಮಾಡಿದೆ. ಹತ್ತನೇ ದಿನ ಅವರೇ ಫೋನ್ ಮಾಡಿದರು. “ಸರ್, ಕಳಿಸಿ ಒಂದು ವಾರ ಆಯ್ತಲ್ಲ, ನೀವು ಉತ್ತರ ಕೊಡ್ಲಿಲ್ಲ, ಮನಸ್ಸಿಲ್ವೇನೋ ಅಂದ್ಕೊಂಡ್ವಿ” ಅಂದರು.

ಆಗ ಹುಡುಕಿದೆ. ಸಿಕ್ಕಿತು. ಎಲ್ಲಿ? ‘ಆಮೇಲೆ ನೋಡೋಣ’ದಲ್ಲಿ. ಒಂದು ಹಾಸಿಗೆ ಮಾರುವವರ ಮೇಲ್ ಮೇಲೆ, ಒಂದು ಕನ್ನಡಕದವರ ಮೇಲ್ ಕೆಳಗೆ, ನಡುವೆ ನನ್ನ ಆಫರ್ ಲೆಟರ್. ಎಷ್ಟೋ ಹಿಂದೆ, ಸಬ್ಜೆಕ್ಟ್‌ನಲ್ಲಿ ‘ಆಫರ್’ ಅನ್ನುವ ಇಂಗ್ಲಿಷ್ ಪದವಿದ್ದರೆ ಇನ್‌ಬಾಕ್ಸ್‌ಗೆ ತರಬೇಡ ಅಂತ ಬರೆದಿದ್ದೆ. ಸಾಲದ್ದಕ್ಕೆ ಓದಿದ್ದಾಯಿತು ಅಂತಲೂ ಗುರುತು ಹಾಕಿಸಿದ್ದೆ. ದಪ್ಪ ಅಕ್ಷರದಲ್ಲಿ ಓದದ ಮೇಲ್‌ಗಳ ಸಂಖ್ಯೆ ಕಂಡರೆ ನನಗೆ ಆಗುತ್ತಿರಲಿಲ್ಲ. ಪುಣ್ಯಕ್ಕೆ ಅಳಿಸು ಅಂತ ಹೇಳಿರಲಿಲ್ಲ. ಹೇಳಿದ್ದರೆ 30 ದಿನ ಕಸದ ಬುಟ್ಟಿಯಲ್ಲಿದ್ದು ಮಾಯವಾಗುತ್ತಿತ್ತು. ಬೈಯಲು ಯಾರೂ ಸಿಗಲಿಲ್ಲ. ಸ್ಪ್ಯಾಮ್ ಹಿಡಿಯುವ ಯಂತ್ರವನ್ನಾದರೂ ಬೈಯೋಣವೆಂದರೆ, ಅದು ಸಾವಿರ ಗುರುತು ನೋಡಿ, ಇದು ಕಸವಿರಬಹುದೇ ಅಂತ ಲೆಕ್ಕ ಹಾಕಿ, ಅಲ್ಲ ಅಂತ ಸರಿಯಾಗಿಯೇ ಬಿಟ್ಟಿತ್ತು. ತಡೆದದ್ದು ನಾನು. ಕೆಲಸವೇನೋ ಸಿಕ್ಕಿತು. ಮನೆಯಲ್ಲಿ ಮಾಡಿದ ಭಾಷಣವನ್ನು ಯಾರೂ ಮರೆತಿಲ್ಲ.

ಮೊನ್ನೆ ನಾನು ಈ ಪಟ್ಟಿಯ ಮುಂದೆ ಕೂತಿದ್ದಾಗ ತಂಗಿಯ ಮಗ ಬಂದ. ಅವನ ಮೇಲ್‌ನಲ್ಲಿ ಫಿಲ್ಟರೂ ಇಲ್ಲ, ಲೇಬಲ್ಲೂ ಇಲ್ಲ. ಎಲ್ಲ ಒಂದೇ ರಾಶಿ. ಓದದವೇ ಹತ್ತೊಂಬತ್ತು ಸಾವಿರ.

“ಮಾವ, ಇದೆಲ್ಲ ಯಾಕೆ? ಬೇಕಾದಾಗ ಹುಡುಕಿದ್ರೆ ಸಿಗುತ್ತಲ್ಲ.”

“ಏನು ಹುಡುಕಬೇಕು ಅಂತ ಗೊತ್ತಿರಬೇಕಲ್ಲಪ್ಪ. ಬಂದಿದೆ ಅಂತಲೇ ಗೊತ್ತಿಲ್ಲದಿದ್ದರೆ?”

“ಆಫರ್ ಲೆಟರ್ ಥರಾನಾ?”

ಅಮ್ಮನಿಂದ ಕೇಳಿರಬೇಕು. ಸೋಲಲು ಮನಸ್ಸಿಲ್ಲದೆ ಆ ರಾತ್ರಿ ಕೂತು ಓದಿದೆ. ಅವನ ಪಕ್ಷವೇ ಗೆದ್ದಿತ್ತು. 2011ರಲ್ಲಿ ಸಂಶೋಧಕ ಸ್ಟೀವ್ ವಿಟ್ಟೇಕರ್ ಮತ್ತು ಜೊತೆಗಾರರು 345 ಜನ ಹಳೆಯ ಮೇಲ್‌ಗಳನ್ನು ಹೇಗೆ ಹುಡುಕುತ್ತಾರೆ ಅಂತ ನೋಡಿದ್ದರು. ಒಟ್ಟು 85,000ಕ್ಕೂ ಹೆಚ್ಚು ಹುಡುಕಾಟಗಳು. ಫೋಲ್ಡರುಗಳಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟವರು ಆ ಫೋಲ್ಡರುಗಳಲ್ಲೇ ಹುಡುಕುತ್ತಿದ್ದರಂತೆ. ಅದರಿಂದ ಅವರಿಗೆ ಜಾಸ್ತಿ ಸಿಗಲೂ ಇಲ್ಲ, ಹೊತ್ತೂ ಉಳಿಯಲಿಲ್ಲ. ಸುಮ್ನೆ ಪದ ಹಾಕಿ ಹುಡುಕುವುದೇ ವಾಸಿ. ಇದನ್ನು ಅವನಿಗೆ ಇನ್ನೂ ಹೇಳಿಲ್ಲ. ನನ್ನ ಸಮಾಧಾನಕ್ಕೆ ಒಂದು ಮಾತು ಕಂಡುಕೊಂಡಿದ್ದೇನೆ. ಅವರು ನೋಡಿದ್ದು ಹುಡುಕುವುದನ್ನು. ನನ್ನ ಫಿಲ್ಟರ್‌ಗಳು ಇರುವುದು ಕಾಣದಿರಲಿಕ್ಕೆ. ಬೆಳಗ್ಗೆ ಮೇಲ್ ತೆರೆದಾಗ ಎಂಬತ್ತರ ಬದಲು ಏಳು ಇದ್ದರೆ ಆ ದಿನದ ಮುಖವೇ ಬೇರೆ, ಅಲ್ವಾ? ಆ ಏಳರಲ್ಲಿ ಐದು ಒಟಿಪಿ ಆಗಿರುತ್ತವೆ ಅನ್ನುವುದು ಬೇರೆ ಮಾತು.

ಕೊನೆಗೆ ಇಬ್ಬರೂ ಕೂತು ಪಟ್ಟಿ ಕಡಿದೆವು. ಭಾಷೆಯ ಆ್ಯಪ್ ಹೋಯಿತು, ಬಾಡಿಗೆ ರಸೀದಿ ಹೋಯಿತು, ಹಸಿರು ಬಣ್ಣದ ಹಾಡು ಹೋಯಿತು. ಹದಿನಾಲ್ಕನೆಯದನ್ನು ಅಳಿಸುವಾಗ ಆ ಸಹೋದ್ಯೋಗಿಗೆ ಒಂದು ಸಾಲು ಬರೆಯೋಣ ಅನ್ನಿಸಿತು. ಹಳೆಯ ವಿಳಾಸ ಈಗ ಇಲ್ಲ ಅಂತ ಮೇಲ್ ಮರಳಿ ಬಂತು. ಉಳಿದದ್ದು ಒಂಬತ್ತು.

ಅದರಲ್ಲಿ ಆಫರ್ ಫಿಲ್ಟರೂ ಇದೆ. ಅದನ್ನು ಮೂರು ವರ್ಷದ ಹಿಂದೆಯೇ ರಿಪೇರಿ ಮಾಡಿದ್ದೆ. ‘ಆಫರ್’ ಇದ್ದು ‘ಲೆಟರ್’ ಇಲ್ಲದಿದ್ದರೆ ಮಾತ್ರ ಎತ್ತಿಡು ಅಂತ. ಎರಡೂ ಇದ್ದರೆ ನಕ್ಷತ್ರ ಹಾಕಿ, ಮುಖ್ಯ ಅಂತ ಗುರುತಿಟ್ಟು ಎಲ್ಲಕ್ಕಿಂತ ಮೇಲೆ ತಾ ಅಂತ ಇನ್ನೊಂದು. “ಇದು ಭದ್ರವಾಗಿದೆ” ಅಂತ ಅವನಿಗೆ ತೋರಿಸಿದೆ. ಅವನು ಏನೂ ಹೇಳಲಿಲ್ಲ.

ನಿನ್ನೆ ಬೆಳಗ್ಗೆ ನಕ್ಷತ್ರ ಹೊತ್ತ ಒಂದು ಮೇಲ್ ಎಲ್ಲಕ್ಕಿಂತ ಮೇಲೆ ಕೂತಿತ್ತು. ‘ನಿಮ್ಮ ಆಫರ್ ಲೆಟರ್ ಸಿದ್ಧವಾಗಿದೆ.’ ನಾನು ಯಾವ ಕೆಲಸಕ್ಕೂ ಅರ್ಜಿ ಹಾಕಿರಲಿಲ್ಲ. ಆದರೂ ಎದೆ ಡವಡವ ಅಂದಿತು. ತೆರೆದೆ. ಒಂದು ಜೊತೆ ಬೂಟಿನ ಚಿತ್ರ. ಎರಡನೇ ಜೊತೆಗೆ ಅರ್ಧ ಬೆಲೆ, ಇವತ್ತು ಒಂದೇ ದಿನ. ಬೂಟು ಚೆನ್ನಾಗಿಯೇ ಇತ್ತು. ಅಳಿಸಲು ಮನಸ್ಸಾಗದೆ, ಫಿಲ್ಟರಿನ ಸಹಾಯವಿಲ್ಲದೆ ನನ್ನ ಕೈಯಾರೆಯೇ ಅದನ್ನು ‘ಆಮೇಲೆ ನೋಡೋಣ’ದೊಳಗೆ ಹಾಕಿದೆ.