ಅವರೆಲ್ಲ ರಾಕ್ಷಸರಾ?

2023ರ ನವೆಂಬರ್‌ನಲ್ಲಿ ಹೊರಬಿದ್ದ ಮಂಡ್ಯದ ಆಲೆಮನೆ ಪ್ರಕರಣ ನೆನಪಿದೆಯಾ? ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ನೋಡುತ್ತಿದ್ದರು. ಹೆಣ್ಣಾದರೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೆಗೆಸುತ್ತಿದ್ದರು. ಸುಮಾರು 900 ಭ್ರೂಣ ಅಂತ ಪೊಲೀಸರು ಆಗ ಹೇಳಿದ್ದರು. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲೇ ಕಾಯ್ದೆ ಬಂದಿದೆ. ಗೊತ್ತಿರಲಿಲ್ಲ ಅನ್ನುವಂತಿಲ್ಲ.

ಸುದ್ದಿ ಓದಿದವರೆಲ್ಲ ಆಡಿದ್ದು ಒಂದೇ ಮಾತು, "ರಾಕ್ಷಸರು ಕಣ್ರೀ". ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಇಂಥ ದಂಧೆ ನಡೆಯೋಕೆ ಎಷ್ಟು ಜನ ಬೇಕು ಯೋಚಿಸಿ. ಬಸುರಿಯರನ್ನು ಹುಡುಕಿ ತರುವವರು, ಕಾರು ಓಡಿಸುವವರು, ಸ್ಕ್ಯಾನ್ ಮಾಡುವವರು, ದುಡ್ಡು ಎಣಿಸುವವರು, ಡಾಕ್ಟರ್, ನರ್ಸ್. ಇವರ ಜೊತೆಗೆ "ಈ ಸಲವಾದರೂ ಗಂಡಾಗಲಿ" ಅಂತ ಸಾಲ ಮಾಡಿ ದುಡ್ಡು ಹೊಂದಿಸುವ ಗಂಡ, ಅತ್ತೆ. ಒಬ್ಬೊಬ್ಬರ ಪಾಲಿಗೆ ಬಂದಿದ್ದು ಒಂದೊಂದು ಸಣ್ಣ ಕೆಲಸ. ಹಾಗಾಗಿ "ನಾನಲ್ಲ" ಅಂದುಕೊಳ್ಳೋಕೆ ಎಲ್ಲರಿಗೂ ದಾರಿ ಇತ್ತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅನ್ನುವ ಮನೋವಿಜ್ಞಾನಿ 1961ರಲ್ಲಿ ಶುರು ಮಾಡಿದ ಪ್ರಯೋಗಗಳ ಬಗ್ಗೆ ಕೆಲವರು ಕೇಳಿರಬಹುದು. ಪಕ್ಕದ ಕೋಣೆಯಲ್ಲಿದ್ದವನು ಉತ್ತರ ತಪ್ಪಿದಾಗಲೆಲ್ಲ ಪ್ರಯೋಗಕ್ಕೆ ಬಂದವರು ಅವನಿಗೆ ಶಾಕ್ ಕೊಡಬೇಕು, ಪ್ರತಿ ಸಲವೂ ಇನ್ನಷ್ಟು ಜಾಸ್ತಿ. ಶಾಕ್ ನಿಜವಾದದ್ದಲ್ಲ, ಆದರೆ ಕೊಡುವವರಿಗೆ ಅದು ಗೊತ್ತಿರಲಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ ಹಂತವಾದ 450 ವೋಲ್ಟ್‌ವರೆಗೂ ಹೋದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಅದೇ ಸಾಲಿನ ಇನ್ನೊಂದು ಪ್ರಯೋಗ. ಅದರಲ್ಲಿ ಸ್ವಿಚ್ ಒತ್ತೋದು ಬೇರೆಯವನು, ಬಂದವರು ಸುಮ್ನೆ ಪ್ರಶ್ನೆ ಓದಿದರೆ ಸಾಕು. ಆಗ 40ರಲ್ಲಿ 37 ಮಂದಿ ಕೊನೆವರೆಗೂ ಕೂತಿದ್ದರು! ಮತ್ತೊಂದರಲ್ಲಿ ಜೊತೆಗಿದ್ದ ಇಬ್ಬರು ನಡುವೆಯೇ "ನಾವು ಮಾಡಲ್ಲ" ಅಂತ ಎದ್ದುಬಿಟ್ಟರು. ಆಗ ಕೊನೆ ಮುಟ್ಟಿದವರು ಬರೀ ನಾಲ್ಕು ಮಂದಿ. ಮೂರರಲ್ಲೂ ಜನ ಒಂದೇ ಥರದವರು. ಬದಲಾಗಿದ್ದು ಅವರನ್ನು ನಿಲ್ಲಿಸಿದ ಜಾಗ. ಆ ಆಲೆಮನೆ ದಂಧೆಯ ಕಾರಿನ ಡ್ರೈವರೋ ನರ್ಸೋ ಮೊದಲ ವಾರವೇ "ನನ್ನ ಕೈಲಾಗಲ್ಲ" ಅಂದಿದ್ದರೆ ಉಳಿದವರಿಗೂ ಬಾಯಿ ಬರುತ್ತಿತ್ತು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಹಾಯ ಮಾಡದೆ ನಿಲ್ಲೋದಕ್ಕೂ ಇದೇ ಕಾರಣ. ರಸ್ತೆಯಲ್ಲಿ ಯಾರೋ ಬಿದ್ದಿರುತ್ತಾರೆ, ಸುತ್ತ ಐವತ್ತು ಜನ, ಹತ್ತಾರು ಮೊಬೈಲು. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಅನ್ನುವ ಇಬ್ಬರು ಸಂಶೋಧಕರು, ವಿದ್ಯಾರ್ಥಿಗಳಿಗೆ ಇಂಟರ್‌ಕಾಂನಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ ಶೇ. 85 ಮಂದಿ ಆ ನರಳಾಟ ನಿಲ್ಲುವ ಮೊದಲೇ ಓಡಿಬಂದು ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31 ಮಾತ್ರ. ಎದ್ದು ಬರದವರದೇನೂ ಕಲ್ಲು ಮನಸ್ಸಲ್ಲ. ಎಷ್ಟೋ ಜನರ ಕೈ ನಡುಗುತ್ತಿತ್ತು, ಬೆವರಿದ್ದರು.

ಹಾಗಂತ ಗುಂಪು ಅಂದರೆ ಯಾವಾಗಲೂ ಹೀಗೇ ಅಂತಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಂ, ಕೇಪ್‌ಟೌನ್‌ಗಳ ಬೀದಿ ಜಗಳದ 219 ಸಿಸಿಟಿವಿ ದೃಶ್ಯಗಳನ್ನು ಸಂಶೋಧಕರು ನೋಡಿದರು. ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ನಡುವೆ ಬಂದಿದ್ದರು. ನಮ್ಮ ಮಂಡ್ಯ ಜಿಲ್ಲೆಯವರಿಗೆ ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. 2018ರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿತ್ತು. 30 ಜನ ತೀರಿಹೋದರು, ಅವರಲ್ಲಿ ಸ್ಕೂಲ್ ಮಕ್ಕಳೂ ಇದ್ದರು. ಅವತ್ತು ಸುತ್ತಮುತ್ತಲಿನ ಊರಿನವರು ನೀರಿಗೆ ಹಾರಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ರಸ್ತೆ ಅಪಘಾತದಲ್ಲಿ ಇನ್ನೊಂದು ಭಯ ಸೇರಿಕೊಳ್ಳುತ್ತೆ. "ನಂಗ್ಯಾಕೆ ಊರ ಉಸಾಬರಿ, ಆಮೇಲೆ ಕೋರ್ಟು ಸ್ಟೇಷನ್ ಅಲೆಯೋರು ಯಾರು?" ಅಂತ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳು ತೀರಿಹೋದರೂ ಕೇಸ್ ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಮೈಸೂರು-ಬೆಂಗಳೂರು ಹೆದ್ದಾರಿಯ ಉದ್ದಕ್ಕೂ ಹೋಟೆಲ್ ಬೋರ್ಡ್‌ಗಳಿವೆ. ಈ ಎರಡು ಸಾಲನ್ನೂ ಅಷ್ಟೇ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ, ಪ್ರತಿ ಟೋಲ್‌ನಲ್ಲಿ, ಪ್ರತಿ ಆಸ್ಪತ್ರೆ ಬಾಗಿಲಲ್ಲಿ ಹಾಕಬೇಕು ಅಂತ ಜಿಲ್ಲಾಡಳಿತವನ್ನು ಕೇಳುತ್ತಿದ್ದೇನೆ.

ಅಲ್ಲಿವರೆಗೆ ನೀವೇ ಗುಂಪಿನಲ್ಲಿ ನಿಂತಿದ್ದರೆ "ಯಾರಾದ್ರೂ ಆಂಬ್ಯುಲೆನ್ಸ್ ಕರೀರಪ್ಪ" ಅಂತ ಕೂಗಬೇಡಿ. ಒಬ್ಬರನ್ನು ಕೈ ತೋರಿಸಿ ಹೇಳಿ, "ನೀಲಿ ಶರ್ಟ್ ಅಣ್ಣಾ, ನೀವು 108ಕ್ಕೆ ಫೋನ್ ಮಾಡಿ."