ಸೀಟು, ಕಾರ್ಪೆಟ್ ಕಿತ್ತರೆ ಮೈಲೇಜ್ 5 ಕಿ.ಮೀ. ಏರುವುದಿಲ್ಲ: ಸ್ಪಷ್ಟನೆ

‘ಕಾರಿನ ಹಿಂದಿನ ಸೀಟು, ಹೆಡ್‌ರೆಸ್ಟ್, ಕಾರ್ಪೆಟ್, ಸ್ಟೆಪ್ನಿ ತೆಗೆದುಬಿಡಿ, ಲೀಟರಿಗೆ 5 ಕಿ.ಮೀ. ಹೆಚ್ಚು ಸಿಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಈ ಲೆಕ್ಕ ತಪ್ಪು.

ತೂಕ ಇಳಿದರೆ ಇಂಧನ ಉಳಿಯುವುದು ನಿಜ, ಆದರೆ ಅಷ್ಟಲ್ಲ. ಅಮೆರಿಕ ಸರ್ಕಾರದ ಇಂಧನ ಮಾಹಿತಿಯ ಪ್ರಕಾರ ಸುಮಾರು 45 ಕೆ.ಜಿ. ಹೆಚ್ಚುವರಿ ತೂಕಕ್ಕೆ ಮೈಲೇಜ್ ಕುಗ್ಗುವುದು ಶೇ 1ರಷ್ಟು. ಚಿಕ್ಕ ಕಾರುಗಳಲ್ಲಿ ಪರಿಣಾಮ ಇನ್ನೂ ಹೆಚ್ಚು. ಆ ಪರಿಣಾಮವನ್ನು ಮೂರು ಪಟ್ಟು ಎಂದೇ ಹಿಡಿದರೂ ಲೀಟರಿಗೆ 20 ಕಿ.ಮೀ. ಕೊಡುವ ಗಾಡಿಗೆ ಹೆಚ್ಚು ಸಿಗುವುದು 600 ಮೀಟರ್.

ನನಗೆ ಹೆಚ್ಚು ಆತಂಕ ಇರುವುದು ಸುರಕ್ಷತೆಯ ಬಗ್ಗೆ. ಹಿಂದಿನಿಂದ ಗಾಡಿ ಗುದ್ದಿದಾಗ ಕುತ್ತಿಗೆ ಕಾಯುವುದು ಹೆಡ್‌ರೆಸ್ಟ್. ಹಿಂದಿನ ಸೀಟಿನ ಒರಗು ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಡಿಕ್ಕಿಯ ಸಾಮಾನೆಲ್ಲ ಮುಂದೆ ಕುಳಿತವರ ಮೇಲೆ ನುಗ್ಗುತ್ತದೆ. ಮುಂದಿನ ಸೀಟಿನಡಿಯ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್ ಬಿಗಿಸುವ ವ್ಯವಸ್ಥೆಯದ್ದು. ಅದಕ್ಕಂತೂ ಕೈ ಹಾಕಲೇಬೇಡಿ. ರೇಸ್ ಕಾರುಗಳ ಒಳಗೆ ಏನೂ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಅವುಗಳಲ್ಲಿ ಚಾಲಕರನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು (ರೋಲ್ ಕೇಜ್) ಇರುತ್ತದೆ, ಚಾಲಕರು ಹೆಲ್ಮೆಟ್ ಹಾಕಿರುತ್ತಾರೆ.

ಸೀಟುಗಳ ಸಂಖ್ಯೆ ಆರ್‌ಸಿಯಲ್ಲೇ ನಮೂದಾಗಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಂತೆ ಆ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿರುವ ಸಾಮಾನು ಇಳಿಸಿ, ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ. ಆ ಸಂದೇಶ ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಸ್ಪಷ್ಟನೆ ತಲುಪಿಸಿ.