ಪೊಲಾಂಕೊ ಹೋದ ವಾರ, ಹರಾಜು ನಡೆದ ರಾತ್ರಿ

2025ರ ಡಿಸೆಂಬರ್ 16ರಂದು ನಮ್ಮ ಸಿಯಾಟಲ್‌ನಲ್ಲಿ ರಾತ್ರಿ ಒಂದು ಗಂಟೆ. ಮನೆಯವರ ನಿದ್ದೆ ಕೆಡದಂತೆ ಅಡುಗೆಮನೆಯ ದೀಪವೊಂದನ್ನೇ ಹಾಕಿಕೊಂಡು, ಫೋನಿನ ಸದ್ದು ತಗ್ಗಿಸಿ, ಅಬುಧಾಬಿಯಲ್ಲಿ ನಡೆಯುತ್ತಿದ್ದ ಐಪಿಎಲ್ ಹರಾಜನ್ನು ನೋಡುತ್ತ ಕುಳಿತಿದ್ದೆ. ದಾವಣಗೆರೆಯಿಂದ ಅಕ್ಕನ ಮಗ ನಿಮಿಷಕ್ಕೊಂದು ಸಂದೇಶ ಕಳಿಸುತ್ತಿದ್ದ. ಕ್ಯಾಮರಾನ್ ಗ್ರೀನ್ 25.20 ಕೋಟಿ ರೂಪಾಯಿಗೆ ಕೋಲ್ಕತ್ತದ ಪಾಲಾದಾಗ ಅವನು ಬರೆದದ್ದು ಇಷ್ಟೇ: "ಬಿಡು ಮಾಮ, ನಮ್ಮ ಹತ್ರ ಅಷ್ಟು ದುಡ್ಡೆಲ್ಲಿದೆ." ಅವನ ಮಾತಿನಲ್ಲಿ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆರ್‌ಸಿಬಿಯ ಚೀಲದಲ್ಲಿ ಉಳಿದಿದ್ದದ್ದು ಹದಿನಾರು ಕೋಟಿ ಚಿಲ್ಲರೆ. ಅದರಲ್ಲಿ ಏಳು ಕೋಟಿ ಕೊಟ್ಟು ವೆಂಕಟೇಶ್ ಅಯ್ಯರ್ ಅವರನ್ನು ಕೊಂಡದ್ದಕ್ಕೇ ಅವನು ಸಂತೋಷಪಟ್ಟ.

ಅದಕ್ಕೆ ಎರಡು ಮೂರು ದಿನ ಮೊದಲಷ್ಟೇ ನಾನು ಇನ್ನೊಂದು ಸುದ್ದಿಯನ್ನು ಓದಿ ಕೆಂಡವಾಗಿದ್ದೆ. ಈ ಊರಿನ ಬೇಸ್‌ಬಾಲ್ ತಂಡವಾದ ಮ್ಯಾರಿನರ್ಸ್‌ನ ಹಾರ್ಹೆ ಪೊಲಾಂಕೊ ಎರಡು ವರ್ಷಕ್ಕೆ ನಾಲ್ಕು ಕೋಟಿ ಡಾಲರಿನ ಒಪ್ಪಂದದ ಮೇಲೆ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಹೋಗಿದ್ದರು. ಇಲ್ಲಿನ ಅಭಿಮಾನಿಗಳಲ್ಲಿಯೂ ಕೆಲವರು "ಅಷ್ಟು ಹಣ ನಮ್ಮ ತಂಡದ ಬಳಿ ಇಲ್ಲ" ಎಂದು ಸಮಾಧಾನ ಹೇಳಿಕೊಂಡರು. ಒಂದೇ ವಾರದಲ್ಲಿ ಒಂದೇ ಮಾತು ಎರಡು ದೇಶಗಳಿಂದ ನನ್ನ ಕಿವಿಗೆ ಬಿದ್ದಿತು. ನಮ್ಮ ಹುಡುಗ ಹೇಳಿದ್ದು ದಿಟ. ಇಲ್ಲಿಯವರು ಹೇಳುತ್ತಿರುವುದು ದಿಟವಲ್ಲ ಎಂಬುದು ನನ್ನ ಅನಿಸಿಕೆ.

ಪೊಲಾಂಕೊ ಯಾರೆಂದು ತಿಳಿಯದ ಓದುಗರಿಗಾಗಿ 2025ರ ಅಕ್ಟೋಬರ್ 10ರ ರಾತ್ರಿಯನ್ನು ಹೇಳಬೇಕು. ಡೆಟ್ರಾಯಿಟ್ ತಂಡದ ಎದುರಿನ ಸರಣಿಯ ಐದನೆಯ, ಕೊನೆಯ ಪಂದ್ಯ. ಬೇಸ್‌ಬಾಲ್ ಪಂದ್ಯ ಒಂಬತ್ತು ಇನಿಂಗ್ಸಿಗೆ ಮುಗಿಯಬೇಕು. ಅದು ಹದಿನೈದಕ್ಕೆ ಹೋಯಿತು. ಹನ್ನೆರಡನೆಯದರ ಹೊತ್ತಿಗೆ ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ನನ್ನ ಬೆರಳುಗಳು ಮರಗಟ್ಟಿದ್ದವು. ಪಕ್ಕದಲ್ಲಿದ್ದ, ಹೆಸರೂ ತಿಳಿಯದ ಹೆಂಗಸೊಬ್ಬರು ತಮ್ಮ ಕೈಗವುಸಿನಲ್ಲಿ ಒಂದನ್ನು ಕಳಚಿ ನನಗೆ ಕೊಟ್ಟರು. ಹೀಗೆ ಒಂದೊಂದು ಕೈಗೆ ಗವುಸು ಹಾಕಿಕೊಂಡೇ, ಸುಮಾರು ಐದು ಗಂಟೆಗಳ ಆಟದ ಕೊನೆಗೆ, ಮೂರು ಬೇಸುಗಳಲ್ಲೂ (ಓಟಗಾರರು ನಿಲ್ಲುವ ಠಾಣೆಗಳಲ್ಲೂ) ನಮ್ಮವರು ನಿಂತಿದ್ದಾಗ ಪೊಲಾಂಕೊ ಚೆಂಡನ್ನು ಬಲಮೈದಾನಕ್ಕೆ ಅಟ್ಟಿದ್ದನ್ನೂ 3–2ರಿಂದ ಪಂದ್ಯ ಗೆದ್ದದ್ದನ್ನೂ ನೋಡಿದೆವು. 2001ರ ನಂತರ ತಂಡ ವಿಶ್ವ ಸರಣಿಗೆ, ಎಂದರೆ ಬೇಸ್‌ಬಾಲ್‌ನ ಫೈನಲ್ಲಿಗೆ, ಮುಂಚಿನ ಸರಣಿಯನ್ನು ಮುಟ್ಟಿದ್ದು ಅದೇ ಮೊದಲು. ಹತ್ತು ದಿನಗಳ ನಂತರ ಟೊರಾಂಟೊದಲ್ಲಿ, ಆ ಸರಣಿಯ ಏಳನೆಯ, ಕೊನೆಯ ಪಂದ್ಯದಲ್ಲಿ 3–1ರ ಮುನ್ನಡೆಯಲ್ಲಿದ್ದು, ಎದುರಾಳಿ ಜಾರ್ಜ್ ಸ್ಪ್ರಿಂಗರ್ ಸಿಕ್ಸರಿನಂತೆ ಬೇಲಿ ದಾಟಿಸಿ ಬಾರಿಸಿದ ಒಂದು ಹೋಮ್ ರನ್‌ನಿಂದ 4–3ಕ್ಕೆ ಸೋತೆವು. ವಿಶ್ವ ಸರಣಿಯಲ್ಲಿ ಒಮ್ಮೆಯೂ ಆಡದ ಏಕೈಕ ತಂಡವೆಂಬ ಬಿರುದು 1977ರಲ್ಲಿ ಹುಟ್ಟಿದ ಮ್ಯಾರಿನರ್ಸ್‌ಗೇ ಉಳಿಯಿತು. "ಈ ಸಲ ಕಪ್ ನಮ್ದೇ" ಎಂದು ಹದಿನೇಳು ವರ್ಷ ಹೇಳಿ ರೂಢಿಯಿದ್ದವನಿಗೆ ಇಂಥ ತಂಡ ಗಂಟುಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಹಣದ ಮಾತು. ಐಪಿಎಲ್‌ನಲ್ಲಿ ಹತ್ತೂ ತಂಡಗಳಿಗೆ ಒಂದೇ ಮಿತಿ. 2025ರ ಋತುವಿಗೆ ಅದು 120 ಕೋಟಿ ರೂಪಾಯಿ. ಅಂಬಾನಿಯವರ ತಂಡವಾದರೂ ಒಂದು ಪೈಸೆ ಹೆಚ್ಚು ಖರ್ಚು ಮಾಡುವಂತಿಲ್ಲ. ಆದ್ದರಿಂದ ಅಲ್ಲಿ ಒಬ್ಬನನ್ನು ಬಿಟ್ಟುಕೊಡುವುದೆಂದರೆ ಇನ್ನೊಬ್ಬನಿಗೆ ಜಾಗ ಮಾಡಿಕೊಡುವುದು. ಬಿಟ್ಟ ಹಣ ತಂಡದೊಳಗೇ ಉಳಿಯುತ್ತದೆ. ಬೇಸ್‌ಬಾಲ್‌ನಲ್ಲಿ ಅಂಥ ಮೇಲ್ಮಿತಿಯೇ ಇಲ್ಲ. ಒಂದು ಗೆರೆಯಿದೆ, 2025ರಲ್ಲಿ ಅದು 24.1 ಕೋಟಿ ಡಾಲರ್. ಅದನ್ನು ದಾಟಿದವರು ತೆರಿಗೆ ತೆತ್ತರಾಯಿತು. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಅದನ್ನು ವರ್ಷವರ್ಷವೂ ದಾಟುತ್ತಾರೆ. ಶೊಹೆ ಒಟಾನಿಯವರಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಿಕೊಂಡು, ಅದರಲ್ಲಿ 68 ಕೋಟಿಯನ್ನು ಆಮೇಲೆ ಕೊಡುತ್ತೇವೆಂದು ಬರೆಸಿಕೊಂಡಿದ್ದಾರೆ. ನಮ್ಮಲ್ಲಿ ಇದನ್ನು ಉದ್ರಿ ಎನ್ನುತ್ತಾರೆ. ಸಿಯಾಟಲ್ ಆ ಗೆರೆಯ ಹತ್ತಿರಕ್ಕೂ ಹೋಗಿಲ್ಲ. ಹಾಗಿರುವಾಗ ಇಲ್ಲಿ ಬಿಟ್ಟ ಹಣ ಇನ್ನೊಬ್ಬ ಆಟಗಾರನಿಗೇ ಹೋಗುತ್ತದೆಂಬ ಖಾತ್ರಿಯಿಲ್ಲ. ಅದು ಮಾಲೀಕರ ಬಳಿಯೇ ಉಳಿದುಬಿಡಬಹುದು. ದಾವಣಗೆರೆಯ ಹುಡುಗನಿಗೆ ಒಗ್ಗುವ ಸಮಾಧಾನ ಸಿಯಾಟಲ್‌ನ ಅಭಿಮಾನಿಗೆ ಒಗ್ಗಬಾರದೆಂದು ನಾನು ಹೇಳುವುದು ಇದಕ್ಕೇ.

ನನ್ನ ಪಕ್ಕದ ಮನೆಯ ಹಿರಿಯರು ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಂದ್ಯವನ್ನು ಈಗಲೂ ರೇಡಿಯೋದಲ್ಲಿ ಕೇಳುತ್ತಾರೆ, ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಪೆನ್ಸಿಲಿನಿಂದ ಅಂಕ ಬರೆದುಕೊಳ್ಳುತ್ತ. ಅವರಿಗೆ ಒಮ್ಮೆ ಐಪಿಎಲ್ ಹರಾಜಿನ ತುಣುಕೊಂದನ್ನು ತೋರಿಸಿದೆ. ಸುತ್ತಿಗೆ ಬಡಿದಾಗ ಅವರು ಬೆಚ್ಚಿದರು. ಮನುಷ್ಯರನ್ನು ಹೀಗೆ ಕೂಗಿ ಮಾರುತ್ತೀರಾ ಎಂದು ಕೇಳಿದರು. ನನಗೆ ಕಸಿವಿಸಿಯಾಯಿತು. ನಮ್ಮ ಭಾಷೆಯಲ್ಲಿಯೂ ಹರಾಜೆಂಬುದು ಒಳ್ಳೆಯ ಮಾತೇನಲ್ಲ. ಮನೆತನದ ಮಾನ ಹರಾಜು ಹಾಕಬೇಡ ಎಂದು ಬೈಸಿಕೊಂಡೇ ಬೆಳೆದವರು ನಾವು. ಆದರೂ ಯೋಚಿಸಿದಾಗ ಅನಿಸಿದ್ದು ಬೇರೆ. ಹರಾಜಿಗೆ ಬರುವವನು ತಾನೇ ಹೆಸರು ನೋಂದಾಯಿಸಿಕೊಂಡು, ತನ್ನ ಮೂಲಬೆಲೆಯನ್ನು ತಾನೇ ಹೇಳಿ ಬರುತ್ತಾನೆ. ಸುತ್ತಿಗೆಯ ಸದ್ದಿಲ್ಲದ ಬೇಸ್‌ಬಾಲ್‌ನಲ್ಲಿ ತಂಡವು ಆಟಗಾರನನ್ನು ಅವನ ಒಪ್ಪಿಗೆಯನ್ನೇ ಕೇಳದೆ ಇನ್ನೊಂದು ಊರಿಗೆ ಸಾಗಹಾಕಬಹುದು. ಮೊದಲ ಆರು ವರ್ಷ ಅವನು ತಂಡದ ಅಧೀನ. ಆಮೇಲಷ್ಟೇ ಫ್ರೀ ಏಜೆಂಟ್ ಎನಿಸಿಕೊಂಡು ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯ.

ಆ ಸ್ವಾತಂತ್ರ್ಯವೂ ಪುಕ್ಕಟೆ ಬಂದದ್ದಲ್ಲ. ಸೇಂಟ್ ಲೂಯಿಸ್ ತಂಡಕ್ಕೆ ಹನ್ನೆರಡು ಋತು ಆಡಿದ್ದ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರರನ್ನು 1969ರಲ್ಲಿ ಫಿಲಡೆಲ್ಫಿಯಾಕ್ಕೆ ಕಳುಹಿಸಲು ತೀರ್ಮಾನಿಸಿದಾಗ, ತಾನು ಕೊಂಡು ಮಾರುವ ಸೊತ್ತಲ್ಲವೆಂದು ಅವರು ಲೀಗಿನ ಮುಖ್ಯಸ್ಥರಿಗೆ ಪತ್ರ ಬರೆದು ನ್ಯಾಯಾಲಯಕ್ಕೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅವರ ಆಟದ ಬದುಕೂ ಮುಗಿಯಿತು. ಬಾಗಿಲು ತೆರೆದದ್ದು 1975ರ ಕೊನೆಯಲ್ಲಿ, ಬೇರೆ ಇಬ್ಬರು ಪಿಚರ್‌ಗಳ (ಚೆಂಡು ಎಸೆಯುವವರ) ಪ್ರಕರಣದಲ್ಲಿ. ಪೊಲಾಂಕೊ ನ್ಯೂಯಾರ್ಕಿಗೆ ಹೋದಾಗ ನಾನು ಬೈದದ್ದು ತಂಡದವರನ್ನೇ ಹೊರತು ಅವರನ್ನಲ್ಲ. ಒಂದು ವರ್ಷಕ್ಕೆ 77.5 ಲಕ್ಷ ಡಾಲರಿಗೆ ಆಡಿ, ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರದ ಆ ಋತುವಿನಲ್ಲಿ 26 ಹೋಮ್ ರನ್ ಹೊಡೆದವರು ಹೆಚ್ಚು ಕೊಡುವಲ್ಲಿಗೆ ಹೋಗದೆ ಇನ್ನೇನು ಮಾಡಬೇಕು?

ತಂಡದವರು ಮಾಡಿದ್ದೆಲ್ಲವೂ ತಪ್ಪೆಂದು ನಾನು ಹೇಳುತ್ತಿಲ್ಲ. ಜುಲೈನಲ್ಲಿ ಅರಿಝೋನಾದಿಂದ ತಂದ ಜಾಶ್ ನೇಲರ್ ಅವರನ್ನು ನವೆಂಬರ್ ಮಧ್ಯದಲ್ಲೇ, ಬೇರೆ ತಂಡಗಳು ಕೈಚಾಚುವ ಮುನ್ನ, ಐದು ವರ್ಷಕ್ಕೆ 9.25 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡದ್ದು ನಾನು ಇಲ್ಲಿ ಕಂಡ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದು. ದಪ್ಪ ಮೈಕಟ್ಟಿನ, ಓಡಲು ಬಾರದವರೆಂದು ಯಾರಾದರೂ ತಪ್ಪು ತಿಳಿಯಬಹುದಾದ ಆ ಮನುಷ್ಯ ಇಲ್ಲಿಗೆ ಬಂದ ಮೇಲೆ 19 ಸಲ ಬೇಸ್ ಕದ್ದರು (ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸಿಗೆ ಓಡಿದರು), ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಪಿಚರ್‌ನ ಭುಜದ ಚಲನೆಯನ್ನು ಓದಿ ಹೆಜ್ಜೆ ಕೀಳುವ ಅವರ ಜಾಣತನವನ್ನು ನೋಡುವುದೇ ಒಂದು ಖುಷಿ. ವಿಕೆಟ್‌ಕೀಪರನಂತೆ ಬ್ಯಾಟರಿನ ಹಿಂದೆ ಕೂರುವ ಕ್ಯಾಚರ್ ಹ್ಯಾರಿ ಫೋರ್ಡ್ ಅವರನ್ನು ಡಿಸೆಂಬರಿನಲ್ಲಿ ವಾಷಿಂಗ್ಟನ್‌ಗೆ ಕೊಟ್ಟು ಎಡಗೈ ಪಿಚರ್ ಹೋಸೆ ಫೆರರ್ ಅವರನ್ನು ತಂದದ್ದೂ ಸರಿಯೇ. ಫೋರ್ಡ್ ಅವರನ್ನು 2021ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿ ಬೆಳೆಸಿದ್ದರು, ನಿಜ. ಆದರೆ ಅದೇ ಜಾಗದಲ್ಲಿ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದ ಕ್ಯಾಲ್ ರಾಲಿ ದೀರ್ಘ ಒಪ್ಪಂದದ ಮೇಲೆ ಕುಳಿತಿರುವಾಗ ಆ ಹುಡುಗನನ್ನು ಬೆಂಚಿನ ಮೇಲೆ ಇಟ್ಟುಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ.

ಅಭಿಮಾನಿಯ ಮನಸ್ಸು ಹೇಳಿದ್ದೆಲ್ಲ ಸರಿಯಾಗುವುದಿಲ್ಲವೆಂಬುದನ್ನು ನನಗೆ ಕಲಿಸಿದ್ದು ಆರ್‌ಸಿಬಿಯೇ. 2024ರ ನವೆಂಬರಿನಲ್ಲಿ ಜೆದ್ದಾದ ಹರಾಜಿನಲ್ಲಿ ಕೆ.ಎಲ್. ರಾಹುಲ್ ಮನೆಗೆ ಮರಳುತ್ತಾರೆಂದು ಕರ್ನಾಟಕವೆಲ್ಲ ಕಾಯುತ್ತಿತ್ತು. ಬೆಲೆ ಏರಿದಾಗ ತಂಡ ಕೈಬಿಟ್ಟಿತು; ಅವರು 14 ಕೋಟಿಗೆ ಡೆಲ್ಲಿಗೆ ಹೋದರು. ಏಳು ಋತು ನಮ್ಮವರಾಗಿದ್ದ ಸಿರಾಜ್ ಗುಜರಾತಿಗೆ ಹೋದರು. ಮುಂದಿನ ಏಪ್ರಿಲ್‌ನಲ್ಲಿ ರಾಹುಲ್ ಚಿನ್ನಸ್ವಾಮಿಯಲ್ಲೇ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು ಇದು ನನ್ನ ಮೈದಾನವೆಂದು ತೋರಿಸಿದಾಗ, ಆರ್‌ಸಿಬಿ ಸೋತದ್ದಕ್ಕೆ ಅಳಬೇಕೋ ನಮ್ಮ ಹುಡುಗ ಗೆದ್ದದ್ದಕ್ಕೆ ನಗಬೇಕೋ ತಿಳಿಯದೆ ಆಡಳಿತದವರನ್ನು ಬಾಯಿಗೆ ಬಂದಂತೆ ಬೈದಿದ್ದೆ. ಜೂನ್ 3ರಂದು ಅಹಮದಾಬಾದಿನಲ್ಲಿ ಆರು ರನ್ನಿನಿಂದ ಕಪ್ ಗೆದ್ದುಕೊಟ್ಟದ್ದು, ಹಾಗೆ ಉಳಿಸಿದ ಹಣದಲ್ಲಿ ಕೊಂಡ ಹೇಝಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ ಅವರ ಬೌಲಿಂಗ್. ಫೈನಲ್ಲಿನಲ್ಲಿ 17 ರನ್ನಿಗೆ ಎರಡು ವಿಕೆಟ್ ತೆಗೆದ ಕೃಣಾಲ್ 5.75 ಕೋಟಿಗೆ ಬಂದವರು. ಹರಾಜಿನ ದಿನ ಆ ಹೆಸರಿಗೆ ನಾನು ಮೂಗು ಮುರಿದಿದ್ದೆ.

ಹಾಗಾದರೆ ಪೊಲಾಂಕೊ ವಿಷಯದಲ್ಲಿಯೂ ನನ್ನ ಮನಸ್ಸೇ ತಪ್ಪಿರಬಹುದಲ್ಲವೇ? ಇರಬಹುದಿತ್ತು, ಇದೇ ತಂಡದ ಹಿಂದಿನ ಕಥೆ ಇಲ್ಲದಿದ್ದರೆ. 2023ರಲ್ಲಿ 88 ಪಂದ್ಯ ಗೆದ್ದೂ ಒಂದೇ ಪಂದ್ಯದ ಅಂತರದಿಂದ ಮುಂದಿನ ಸುತ್ತು ತಪ್ಪಿಸಿಕೊಂಡಾಗ, ದೀರ್ಘಾವಧಿಯಲ್ಲಿ ಶೇಕಡಾ 54ರಷ್ಟು ಗೆದ್ದರೆ ಸಾಕಾಗುತ್ತದೆಂಬ ಅರ್ಥದ ಮಾತನ್ನು ತಂಡದ ಮುಖ್ಯಸ್ಥ ಜೆರಿ ಡಿಪೊಟೊ ಆಡಿದರು. ನೂರಕ್ಕೆ ಐವತ್ನಾಲ್ಕು ಅಂಕ ತಂದ ಮಗ ಅದನ್ನು ತನ್ನ ದೂರದೃಷ್ಟಿಯೆಂದು ಹೇಳಿದರೆ ನಮ್ಮ ಮನೆಗಳಲ್ಲಿ ಏನಾಗುತ್ತಿತ್ತೆಂದು ಓದುಗರೇ ಊಹಿಸಬಹುದು. ಮುಂದಿನ ತಿಂಗಳೇ ಮೂರನೆಯ ಬೇಸನ್ನು ಕಾಯುತ್ತಿದ್ದ ಯುಹೇನಿಯೊ ಸುಆರೆಸ್ ಅವರನ್ನು ಅರಿಝೋನಾಕ್ಕೆ ಕೊಟ್ಟುಬಿಟ್ಟರು. ಆ ಸಂಬಳ ಉಳಿಯಿತು, ಜಾಗ ಮಾತ್ರ ತುಂಬಲಿಲ್ಲ. ಕೊನೆಗೆ 2025ರ ಜುಲೈ ಅಂತ್ಯದಲ್ಲಿ ಮೂವರು ಎಳೆಯರನ್ನು ತೆತ್ತು ಅದೇ ಸುಆರೆಸ್ ಅವರನ್ನು ಮರಳಿ ತಂದರು. ಬಂದ ಮೇಲೆ ಅವರು ಅಷ್ಟೇನೂ ಆಡಲಿಲ್ಲವೆಂಬುದೂ ನಿಜ, ಸರಾಸರಿ .189, ಎಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಸಲವೂ ಯಶಸ್ಸಿಲ್ಲ. ಆದರೆ ಟೊರಾಂಟೊ ಎದುರಿನ ಐದನೆಯ ಪಂದ್ಯದ ಎಂಟನೆಯ ಇನಿಂಗ್ಸಿನಲ್ಲಿ, ರಾಲಿ ಸಮಬಲ ಮಾಡಿಕೊಟ್ಟ ಮೇಲೆ, ನಾಲ್ಕು ರನ್ನಿನ ಹೋಮ್ ರನ್ ಹೊಡೆದು ಗೆಲ್ಲಿಸಿದವರೂ ಅವರೇ. ಮಾರಿದ ಹಸುವನ್ನು ಎರಡು ವರ್ಷದ ಮೇಲೆ, ವಯಸ್ಸಾದ ನಂತರ, ಕರುಗಳನ್ನು ಕೊಟ್ಟು ಬಿಡಿಸಿಕೊಂಡು ಬಂದ ಹಾಗಾಯಿತು.

ಆರ್‌ಸಿಬಿ ರಾಹುಲ್ ಅವರನ್ನು ಬಿಟ್ಟ ದಿನವೇ ಆ ಹಣ ಇನ್ನೊಬ್ಬರ ಮೇಲೆ ಖರ್ಚಾಗುವುದು ಕಣ್ಣಿಗೆ ಕಾಣುತ್ತಿತ್ತು. ಸಿಯಾಟಲ್‌ನಲ್ಲಿ 2025ರ ಡಿಸೆಂಬರಿನಲ್ಲಿ ಇದನ್ನು ಬರೆಯುವಾಗ ಪೊಲಾಂಕೊ ಹೋಗಿಯಾಗಿತ್ತು, ಸುಆರೆಸ್ ಫ್ರೀ ಏಜೆಂಟ್ ಆಗಿದ್ದರು, ಆ ಇಬ್ಬರ ಬದಲಿಗೆ ಯಾರೂ ಬಂದಿರಲಿಲ್ಲ. ಎಳೆಯರಾದ ಕೋಲ್ ಯಂಗ್ ಇದ್ದಾರೆ, ಇನ್ನೂ ಎಳೆಯರಾದ ಕೋಲ್ಟ್ ಎಮರ್ಸನ್ ಬೆಳೆಯುತ್ತಿದ್ದಾರೆ ಎನ್ನುತ್ತಾರೆ. ಇರಲಿ, ಬೆಳೆಯಲಿ. ವಿಶ್ವ ಸರಣಿಗೆ ಒಂದೇ ಪಂದ್ಯದಷ್ಟು ದೂರ ಉಳಿದ ತಂಡ ವರ್ಷಕ್ಕೆ ಎರಡು ಕೋಟಿ ಡಾಲರ್ ಹೆಚ್ಚಾಯಿತೆನ್ನುವುದಾದರೆ, ಆ ಎರಡು ಕೋಟಿ ಇನ್ನೆಲ್ಲಿ ಖರ್ಚಾಗುತ್ತದೆಂದು ಅಭಿಮಾನಿ ಕೇಳಬೇಕು. ಇಲ್ಲಿಯವರು ಕೇಳುವುದು ಕಡಿಮೆ. ವ್ಯಾಪಾರವೆಂದರೆ ವ್ಯಾಪಾರ ಎಂದು ಭುಜ ಹಾರಿಸುತ್ತಾರೆ. ನಮ್ಮವರಾದರೆ ಚಹಾದಂಗಡಿಯಲ್ಲಿ ನಿಂತು ಇಡೀ ಚೀಲದ ಲೆಕ್ಕವನ್ನು ಮಾಲೀಕರಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದರು.

ಕಳೆದ ಭಾನುವಾರ ಪಕ್ಕದ ಮನೆಯ ಗ್ಯಾರೇಜಿಗೆ ಹೋಗಿದ್ದೆ. ಹೊರಗೆ ಮಳೆ. ಹಿರಿಯರು ಹೊಸ ಅಂಕಪುಸ್ತಕ ತರಿಸಿದ್ದರು. ಮೊದಲ ಪುಟದಲ್ಲಿ ಬರುವ ವಸಂತದ ತಂಡವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ರಾಲಿ, ನೇಲರ್, ಹುಲಿಯೊ ರೊಡ್ರಿಗೆಸ್ ಸರಸರನೆ ಬಂದರು. ಎರಡನೆಯ ಬೇಸಿನ ಸಾಲಿನಲ್ಲಿ ಒಂದು ಹೆಸರು ಬರೆದು ಅಳಿಸಿದರು, ಮೂರನೆಯ ಬೇಸಿನಲ್ಲಿಯೂ ಹಾಗೆಯೇ ಮಾಡಿದರು. ಆಮೇಲೆ ರಬ್ಬರಿನ ಪುಡಿಯನ್ನು ಅಂಗೈಯಿಂದ ಒರೆಸಿ, ಪುಸ್ತಕ ಮುಚ್ಚಿ, ನಿಮ್ಮ ಹರಾಜು ಏನಾಯಿತೆಂದು ಕೇಳಿದರು.